ಕಾರ್ಡ್ ಉಜ್ಜಿದಾಗ ದಲ್ಲಾಳಿ ಯಾರ ಲೆಕ್ಕಕ್ಕೆ?



ಮಂಡಿಗೆ ಮಾಲು ಹಾಕಿದ ದಿನ ಕೈಗೆ ಬರುವ ಚೀಟಿ ನಿಮಗೆ ಗೊತ್ತೇ ಇದೆ. ಹಮಾಲಿ ಇಷ್ಟು, ತೂಕದ್ದು ಇಷ್ಟು, ದಲ್ಲಾಳಿ ಇಷ್ಟು ಅಂತ ಮುರಿದು ಉಳಿದದ್ದನ್ನು ಎಣಿಸಿ ಕೊಡುತ್ತಾರೆ. ದಲ್ಲಾಳಿಯನ್ನು ಕೊಳ್ಳುವವನಿಂದ ಪಡೆಯಬೇಕೆಂದು ಕಾನೂನು ಇದ್ದರೂ ಬಿಳಿ ಚೀಟಿಯಲ್ಲಿ ನಮ್ಮಿಂದ ಮುರಿಯುವ ಚಾಳಿ ಹೋಗಿಲ್ಲ. ಅದರ ಜಗಳ ಬೇರೆ. ಆದರೆ ಅಲ್ಲಿ ಬಿಳಿಯದೋ ಕರಿಯದೋ ಒಂದು ಚೀಟಿಯಾದರೂ ಇದೆ. ಪೇಟೆಯ ಅಂಗಡಿಯ ಗಲ್ಲಾದ ಪಕ್ಕದಲ್ಲಿ ಕೂತಿರುವ ಕಾರ್ಡ್ ಮೆಷಿನ್ ಮುರಿಯುವ ದಲ್ಲಾಳಿಗೆ ನಮ್ಮ ಕೈಗೆ ಯಾವ ಚೀಟಿಯೂ ಬರುವುದಿಲ್ಲ. (ಗೊಬ್ಬರದ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮೆಷಿನ್ ಬೇರೆ, ಅದು ಸಬ್ಸಿಡಿ ಲೆಕ್ಕದ್ದು. ನಾನು ಹೇಳ್ತಿರೋದು ಹಣ ಎಳೆಯುವ ಮೆಷಿನ್.)

ಈಗ ಒಂದು ಲೆಕ್ಕ ಹಾಕಿ. ಪೇಟೆಯವನೊಬ್ಬ 10,000 ರೂಪಾಯಿಯ ಪಂಪಿಗೆ ಕ್ರೆಡಿಟ್ ಕಾರ್ಡ್ ಉಜ್ಜಿದ ಅಂತಿಟ್ಟುಕೊಳ್ಳಿ. ಮೆಷಿನ್ ಕೊಟ್ಟ ಬ್ಯಾಂಕು ಒಂದು, ಕಾರ್ಡ್ ಕೊಟ್ಟ ಬ್ಯಾಂಕು ಇನ್ನೊಂದು. ಇವೆರಡರ ನಡುವೆ ಸುದ್ದಿ ಸಾಗಿಸುವುದು ವೀಸಾ, ಮಾಸ್ಟರ್‌ಕಾರ್ಡ್, ರುಪೇ ಎಂಬ ಜಾಲಗಳು. ಕಾರ್ಡ್ ಕೊಟ್ಟ ಬ್ಯಾಂಕು ಗಿರಾಕಿಯ ಲಿಮಿಟ್ ನೋಡಿ "ಹೂಂ" ಅನ್ನುತ್ತದೆ, ಮೆಷಿನ್ ಚೀಟಿ ಉಗುಳುತ್ತದೆ. ಇಷ್ಟಕ್ಕೇ ಹಣ ಬಂತು ಅಂದ್ಕೋಬೇಡಿ. ಬಂದದ್ದು ಒಪ್ಪಿಗೆ ಮಾತ್ರ. ದಿನದ ವ್ಯಾಪಾರವನ್ನೆಲ್ಲ ಒಟ್ಟು ಹಾಕಿ ಬ್ಯಾಂಕುಗಳು ತಮ್ಮತಮ್ಮಲ್ಲಿ ಲೆಕ್ಕ ಚುಕ್ತಾ ಮಾಡಿಕೊಂಡ ಮೇಲೆ, ಸಾಮಾನ್ಯವಾಗಿ ಮರುದಿನ, ಅಂಗಡಿಯವನ ಖಾತೆಗೆ ಜಮಾ ಆಗುತ್ತದೆ. ಆಗ ಪೂರ್ತಿ 10,000 ಬರುವುದಿಲ್ಲ. ಶುಲ್ಕ ನೂರಕ್ಕೆ 2 ಅಂತಾದರೆ 200 ರೂಪಾಯಿ ಅಲ್ಲೇ ಮುರಿಯಿತು, ಆ ಶುಲ್ಕದ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ 36 ರೂಪಾಯಿ. ಕೈಗೆ ಬಂದದ್ದು 9,764.

ಆ 200 ಯಾರಿಗೆ ಹೋಯಿತು? ಸಿಂಹಪಾಲು ಕಾರ್ಡ್ ಕೊಟ್ಟ ಬ್ಯಾಂಕಿಗೆ. ಉಳಿದದ್ದರಲ್ಲಿ ಜಾಲದವರಿಗೊಂದು ಚೂರು, ಮೆಷಿನ್ ಇಟ್ಟವರಿಗೊಂದು ಚೂರು. ಕಾರ್ಡ್ ಕೊಟ್ಟ ಬ್ಯಾಂಕು ಆ ಹಣದಲ್ಲೇ ಗಿರಾಕಿಗೆ ಬಡ್ಡಿಯಿಲ್ಲದ ಗಡುವು, "ರಿವಾರ್ಡ್ ಪಾಯಿಂಟು", ವಿಮಾನ ನಿಲ್ದಾಣದಲ್ಲಿ ಪುಗಸಟ್ಟೆ ಕಾಫಿ ಎಲ್ಲ ಕೊಡುತ್ತದೆ. ಗಡುವು ಮೀರಿದವನಿಗೆ ತಿಂಗಳಿಗೆ ನೂರಕ್ಕೆ ಮೂರು, ಮೂರೂವರೆ ಬಡ್ಡಿ ಜಡಿಯುತ್ತದೆ. ನಮ್ಮೂರ ಲೇವಾದೇವಿಯವನೂ ಕೇಳಿ ತಲೆದೂಗಬೇಕು!

ಅಂಗಡಿಯವನು ಈ ಖರ್ಚನ್ನು ತನ್ನ ಮನೆಯಿಂದ ತಂದು ಹಾಕುತ್ತಾನೆಯೇ? ಬಾಡಿಗೆ, ಕರೆಂಟು ಬಿಲ್ಲಿನ ಹಾಗೆ ಪಂಪಿನ ಬೆಲೆಯಲ್ಲೇ ಸೇರಿಸುತ್ತಾನೆ. ಅವನನ್ನು ಬೈದು ಫಲವಿಲ್ಲ. ಆದರೆ ಹತ್ತಿ ಮಾರಿ ನೋಟು ಎಣಿಸಿಕೊಟ್ಟು ಅದೇ ಪಂಪು ತರುವ ನಾವು, ಕಾರ್ಡನ್ನೇ ಕಾಣದ ನಾವು, ಕಾರ್ಡ್ ಉಜ್ಜುವವನ ಪಾಯಿಂಟಿಗೂ ಕಾಸು ಕೊಟ್ಟು ಬರುತ್ತಿದ್ದೇವೆ. ಇದು ನನಗೆ ಸಹಿಸದ ಮಾತು. ಅದಕ್ಕೇ ಹೇಳೋದು, ನಗದು ಕೊಡುವಾಗ "ನಗದಿನ ರೇಟು ಹೇಳಪ್ಪಾ" ಅಂತ ಧೈರ್ಯವಾಗಿ ಕೇಳಿ. ಅವನಿಗೆ ಉಳಿಯುವುದರಲ್ಲಿ ನಿಮಗೂ ಪಾಲಿದೆ.

ಇದಕ್ಕೆ ಕಡಿವಾಣ ಹಾಕಲಾಗದು ಅಂತಲ್ಲ. ಡೆಬಿಟ್ ಕಾರ್ಡಿಗೆ ರಿಸರ್ವ್ ಬ್ಯಾಂಕ್ 2018ರ ಜನವರಿಯಿಂದ ಮಿತಿ ಹಾಕಿತು. ವರ್ಷಕ್ಕೆ 20 ಲಕ್ಷದವರೆಗೆ ವಹಿವಾಟಿರುವ ಅಂಗಡಿಗೆ ನೂರಕ್ಕೆ 40 ಪೈಸೆ, ಅದಕ್ಕಿಂತ ದೊಡ್ಡವರಿಗೆ 90 ಪೈಸೆ, ಇದರ ಮೇಲೆ ಮುರಿಯುವಂತಿಲ್ಲ. 2020ರ ಜನವರಿ 1ರಿಂದ ರುಪೇ ಡೆಬಿಟ್ ಕಾರ್ಡಿಗೂ ಯುಪಿಐಗೂ ಈ ಶುಲ್ಕವನ್ನೇ ಸೊನ್ನೆ ಮಾಡಿದರು. ಹಾಗಾಗಿ ರುಪೇ ಡೆಬಿಟ್ ಕಾರ್ಡ್ ಕೊಟ್ಟಾಗ "ಎರಡು ಪರ್ಸೆಂಟ್ ಜಾಸ್ತಿ ಆಗುತ್ತೆ" ಅಂದರೆ ಒಪ್ಪಬೇಡಿ. ಕ್ರೆಡಿಟ್ ಕಾರ್ಡಿಗೆ ಮಾತ್ರ ಡೆಬಿಟ್ ಕಾರ್ಡಿಗೆ ಇರುವಂಥ ಮಿತಿ ಇಲ್ಲ. ಯುರೋಪಿನ ಒಕ್ಕೂಟ 2015ರಲ್ಲೇ ಕಾನೂನು ಮಾಡಿ, ಕಾರ್ಡ್ ಕೊಟ್ಟ ಬ್ಯಾಂಕಿನ ಪಾಲನ್ನು ಕ್ರೆಡಿಟ್ ಕಾರ್ಡಿನಲ್ಲಿ ನೂರಕ್ಕೆ 30 ಪೈಸೆಯ ಲೆಕ್ಕಕ್ಕೆ ಇಳಿಸಿತು. ಅಲ್ಲಿನ ಬ್ಯಾಂಕುಗಳು ಬಾಗಿಲು ಹಾಕಲಿಲ್ಲ. ನಮ್ಮಲ್ಲಿ ಯಾಕಾಗಬಾರದು? ಕಬ್ಬಿನ ದರಕ್ಕೆ, ಹಾಲಿನ ದರಕ್ಕೆ ಹತ್ತು ಕಟ್ಟಳೆ ಇರುವ ದೇಶದಲ್ಲಿ ಬ್ಯಾಂಕಿನ ದಲ್ಲಾಳಿಗೆ ಮಾತ್ರ ಕಟ್ಟಳೆ ಬೇಡವೆಂದರೆ ಹೇಗೆ?

ಹೆಸರಿನಿಂದ ಮೋಸಹೋಗಬೇಡಿ: ನಿಮ್ಮ ಹತ್ತಿರ ಇರುವ ಕಿಸಾನ್ ಕ್ರೆಡಿಟ್ ಕಾರ್ಡ್ ಈ ಜಾತಿಯದಲ್ಲ. 1998ರಲ್ಲಿ ಬಂದ ಅದು ಬೆಳೆಸಾಲದ ಖಾತೆ. ಅದರ ಜೊತೆ ಬರುವ ರುಪೇ ಕಾರ್ಡ್ ಡೆಬಿಟ್ ಕಾರ್ಡಿನಂತೆ ನಡೆಯುತ್ತದೆ. ಅಲ್ಲಿ ಗಡುವಿನ ತನಕ ಬಡ್ಡಿಯಿಲ್ಲ ಅನ್ನೋ ಮಾತಿಲ್ಲ, ಎಳೆದ ದಿನದಿಂದಲೇ ಬಡ್ಡಿ ಓಡುತ್ತದೆ.

ಇನ್ನು ನಮ್ಮಲ್ಲೇ ಕೆಲವರು ಬೆಲ್ಲ, ಮಾವು, ಗಾಣದ ಎಣ್ಣೆಯನ್ನು ನೇರ ಗಿರಾಕಿಗೆ ಮಾರಲು ಹೊರಟಿದ್ದಾರೆ. ಒಳ್ಳೆಯದೇ. ಆದರೆ ಮೆಷಿನ್ ಇಡುವ ಮುಂಚೆ ಒಪ್ಪಂದದ ಹಾಳೆ ಓದಿಸಿ ಕೇಳಿ. ಯಾವ ಕಾರ್ಡಿಗೆ ಎಷ್ಟು ಶುಲ್ಕ, ತಿಂಗಳ ಬಾಡಿಗೆ ಎಷ್ಟು, ಹಣ ಯಾವ ದಿನ ಜಮಾ, ಇವನ್ನು ಬರೆಸಿಕೊಳ್ಳಿ. ಮಾಲು ಮುಟ್ಟಲಿಲ್ಲ ಎಂದು ಗಿರಾಕಿ ತನ್ನ ಬ್ಯಾಂಕಿಗೆ ದೂರು ಕೊಟ್ಟರೆ ಜಮಾ ಆದ ಹಣವನ್ನೂ ವಾಪಸ್ ಎಳೆದುಕೊಳ್ಳುವ ಅಧಿಕಾರ ಅವರಿಗಿದೆ. ಬಿಲ್ಲು, ಮೆಷಿನ್ ಚೀಟಿ, ಮಾಲು ಕಳಿಸಿದ ರಸೀದಿ ಮೂರನ್ನೂ ಜೋಪಾನವಾಗಿಡಿ. ಉತ್ತರ ಕೊಡಲು ಅವರು ಕೊಡುವ ದಿನಗಳು ಬಹಳ ಕಡಿಮೆ.