ಕಾಲೇಜು ಮಕ್ಕಳ ಪ್ರಾಜೆಕ್ಟ್, ಅಂಗಡಿಯವರ ಸಮಸ್ಯೆ: ವೈವಾ ಮುಗಿದ ಮೇಲೆ ಎಂತ ಆಗ್ತದೆ?

ಪುತ್ತೂರು: ಎಂಜಿನಿಯರಿಂಗ್ ಕೊನೆ ವರ್ಷದ ಮಕ್ಕಳು ಮೂರು-ನಾಲ್ಕು ಮಂದಿ ಒಟ್ಟಾಗಿ ಅಂಗಡಿಗೆ ಬಂದು, "ಸರ್, ನಿಮ್ಮಲ್ಲಿ ಏನಾದರೂ ಪ್ರಾಬ್ಲೆಮ್ ಉಂಟಾ? ನಮಗೆ ಪ್ರಾಜೆಕ್ಟ್ ಮಾಡ್ಲಿಕ್ಕಿದೆ" ಎಂದು ಕೇಳುವುದು ಜಿಲ್ಲೆಯ ಪೇಟೆಗಳಿಗೆ ಹೊಸತಲ್ಲ. ಅಂಗಡಿಯವರೂ ಬೇಸರ ಮಾಡುವುದಿಲ್ಲ. ಊರಿನ ಮಕ್ಕಳು, ಕಲಿಯಲಿ ಎಂದು ಸ್ಟಾಕ್ ಪುಸ್ತಕ ತೋರಿಸುತ್ತಾರೆ, ಸಾಲದ ಲೆಕ್ಕ ಹೇಗೆ ಬರೆಯುವುದು ಎಂದು ವಿವರಿಸುತ್ತಾರೆ, ಚಾ ಕುಡಿಸಿ ಕಳಿಸುತ್ತಾರೆ. ನಾಲ್ಕು ತಿಂಗಳಲ್ಲಿ ಒಂದು ಆ್ಯಪ್ ಬರುತ್ತದೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಮತ್ತೆ ಆರು ತಿಂಗಳಲ್ಲಿ ಆ ಆ್ಯಪ್ ತೆರೆಯುವುದಿಲ್ಲ. ಫೋನ್ ಮಾಡಿದರೆ ಹುಡುಗ ಬೆಂಗಳೂರಿನಲ್ಲಿ, ಕೆಲಸಕ್ಕೆ ಸೇರಿ ಆಗಿದೆ.

ಇದರಲ್ಲಿ ಮಕ್ಕಳದ್ದೂ ತಪ್ಪಿಲ್ಲ, ಅಂಗಡಿಯವರದ್ದೂ ತಪ್ಪಿಲ್ಲ. ಕಾಲೇಜಿಗೆ ಬೇಕಾದದ್ದು ಮಾರ್ಕು, ಅಂಗಡಿಗೆ ಬೇಕಾದದ್ದು ದಿನಾ ನಡೆಯುವ ವ್ಯವಸ್ಥೆ. ಇವೆರಡರ ನಡುವಿನ ಅಂತರವನ್ನು ಯಾರೂ ಮೊದಲೇ ಕುಳಿತು ಮಾತಾಡುವುದಿಲ್ಲ. ತೊಂದರೆ ಶುರುವಾಗುವುದು ಅಲ್ಲಿಂದ.

ಮಕ್ಕಳು ಪೇಟೆಗೆ ಬರುವುದು ಯಾಕೆ?

ಪಠ್ಯಕ್ರಮವೇ ಹಾಗಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಸ್ಕೀಮಿನಲ್ಲಿ ಕೊನೆಯ ಹಂತದಲ್ಲಿ ದೊಡ್ಡ ಪ್ರಾಜೆಕ್ಟ್ ಮಾತ್ರವಲ್ಲ, 14ರಿಂದ 20 ವಾರಗಳ ಇಂಟರ್ನ್‌ಶಿಪ್ ಕೂಡಾ ಉಂಟು. ಅದರ ಮೇಲೆ ಎಐಸಿಟಿಇ ಹೇಳಿದ 100 ಚಟುವಟಿಕೆ ಅಂಕ ಬೇರೆ. ಅಂದರೆ ಊರಿನ ಜನರ ನಡುವೆ ಕೆಲಸ ಮಾಡಿದ ದಾಖಲೆ ಇಲ್ಲದೆ ಡಿಗ್ರಿ ಕೈಗೆ ಸಿಗುವುದಿಲ್ಲ. ಇಷ್ಟೂ ಮಕ್ಕಳಿಗೆ ದೊಡ್ಡ ಕಂಪನಿಗಳಲ್ಲಿ ಜಾಗ ಸಿಗುವುದು ಸಾಧ್ಯವಿಲ್ಲದ ಮಾತು. ಹಾಗಾಗಿ ಹಾರ್ಡ್‌ವೇರ್ ಅಂಗಡಿ, ಅಡಿಕೆ ಮಂಡಿ, ಸಹಕಾರಿ ಸಂಘ, ವೆಲ್ಡಿಂಗ್ ಶಾಪ್ ಎಲ್ಲವೂ ಈಗ ಅವರಿಗೆ 'ಇಂಡಸ್ಟ್ರಿ'.

ದುಡ್ಡಿನ ದಾರಿಯೂ ಇಲ್ಲದಿಲ್ಲ. 1975ರಲ್ಲಿ ಶುರುವಾದ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ನಾಲ್ಕು ದಶಕಕ್ಕೂ ಹೆಚ್ಚು ಕಾಲದಿಂದ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ಸಹಾಯಧನ ಕೊಡುತ್ತಾ ಬಂದಿದೆ. ರಾಜ್ಯ ಸರ್ಕಾರದ 2015ರ ಸ್ಟಾರ್ಟ್‌ಅಪ್ ನೀತಿಯಲ್ಲಿ ಬಂದ 'ನೈನ್' ಯೋಜನೆಯಂತೂ ಬೆಂಗಳೂರಿನ ಹೊರಗಿನ ಕಾಲೇಜುಗಳಿಗಾಗಿಯೇ ಮಾಡಿದ್ದು. ಸ್ಥಳೀಯ ಸಮಸ್ಯೆ ಹಿಡಿದು ಬರುವ ವಿದ್ಯಾರ್ಥಿ ತಂಡಕ್ಕೆ ಪ್ರಾಜೆಕ್ಟ್ ಒಂದಕ್ಕೆ 3 ಲಕ್ಷ ರೂಪಾಯಿವರೆಗೆ ನೆರವು ಅದರಲ್ಲಿತ್ತು. ಇಂಥ ಅರ್ಜಿಗಳಿಗೆ ತೂಕ ಬರುವುದು 'ಈ ಸಮಸ್ಯೆ ನಮಗೆ ಉಂಟು, ಪರಿಹಾರ ಸಿಕ್ಕಿದರೆ ಬಳಸುತ್ತೇವೆ' ಎಂದು ಅಂಗಡಿಯವರೋ ಸಂಘದವರೋ ಬರೆದುಕೊಡುವ ಒಂದು ಪತ್ರದಿಂದ. ಆ ಪತ್ರದ ಬೆಲೆ ಎಷ್ಟು ಎಂದು ಪೇಟೆಯವರಿಗೆ ಗೊತ್ತಿಲ್ಲ. ಗೊತ್ತಿದ್ದರೆ ಸುಮ್ಮನೆ ಸೀಲ್ ಒತ್ತಿ ಕೊಡುವ ಬದಲು ನಾಲ್ಕು ಷರತ್ತು ಹಾಕಿ ಕೊಡುತ್ತಿದ್ದರು.

ಪುತ್ತೂರಿಗೆ ಇದು ಹೊಸ ವಿಷಯವಲ್ಲ

ಕಾಲೇಜು ಮತ್ತು ಸಂಸ್ಥೆ ಕೈ ಸೇರಿಸಿದರೆ ಎಂತ ಆಗಬಹುದು ಎಂಬುದನ್ನು ಈ ತಾಲೂಕು ಕಣ್ಣಾರೆ ನೋಡಿದೆ. 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ಮತ್ತು ಇಲ್ಲಿನ ವಿವೇಕಾನಂದ ಎಂಜಿನಿಯರಿಂಗ್ ಕಾಲೇಜು ಸೇರಿ ನಡೆಸುವ ಕೃಷಿ ಯಂತ್ರ ಮೇಳ 2023ರ ಫೆಬ್ರವರಿಯಲ್ಲೂ ಕಾಲೇಜಿನ ಮೈದಾನದಲ್ಲಿ ನಡೆಯಿತು. ಅಡಿಕೆ ಕೊಯ್ಯಲು ಜನ ಇಲ್ಲ, ಮರ ಹತ್ತುವವರ ಮಕ್ಕಳು ಆ ಕೆಲಸಕ್ಕೆ ಬರುವುದಿಲ್ಲ ಎಂಬ ಒಂದೇ ಸಮಸ್ಯೆ ಇಷ್ಟು ಯಂತ್ರಗಳನ್ನು ಹುಟ್ಟಿಸಿತು. 2019ರಲ್ಲಿ ಬಂಟ್ವಾಳ ತಾಲೂಕಿನ ಸಜಿಪದ ಕೃಷಿಕರೊಬ್ಬರ ಮರ ಹತ್ತುವ ಬೈಕ್ ದೇಶದೆಲ್ಲೆಡೆ ಸುದ್ದಿಯಾದದ್ದೂ ಇದೇ ಕಾರಣಕ್ಕೆ.

ಆದರೆ ಇವತ್ತು ತೋಟಗಳಲ್ಲಿ ನಿಜವಾಗಿ ಉಳಿದುಕೊಂಡದ್ದು ಯಾವುದು ಎಂದು ನೋಡಿದರೆ ಒಂದು ಪಾಠ ಸಿಗುತ್ತದೆ. ನೆಲದ ಮೇಲೆ ನಿಂತೇ ಕೊಯ್ಯುವ, ಮದ್ದು ಬಿಡುವ ಕಾರ್ಬನ್ ಫೈಬರ್ ದೋಟಿ ಹಲವು ಕಡೆ ಬಳಕೆಗೆ ಬಂತು. ಅದು ದೊಡ್ಡ ಚಮತ್ಕಾರವೇನಲ್ಲ, ಉದ್ದದ ಹಗುರ ಕೋಲು. ಆದರೆ ಅದರ ಹಿಂದೆ ಮಾರುವವರು ಇದ್ದರು, ಹಿಡಿಯುವುದು ಹೇಗೆ ಎಂದು ತರಬೇತಿ ಕೊಡುವವರು ಇದ್ದರು, ಕೆಟ್ಟರೆ ಬದಲು ಸಾಮಾನು ಸಿಗುತ್ತಿತ್ತು. ಮೇಳದ ಸ್ಟಾಲ್‌ನಲ್ಲಿ ಚಪ್ಪಾಳೆ ಸಿಕ್ಕಿದ ಎಷ್ಟೋ ಮಾದರಿಗಳಿಗೆ ಈ ಮೂರೂ ಸಿಗುವುದಿಲ್ಲ. ಪ್ರಾಜೆಕ್ಟ್ ಬದುಕುವುದು ಐಡಿಯಾದ ಬಲದಿಂದ ಮಾತ್ರವಲ್ಲ, ಅದನ್ನು ನೋಡಿಕೊಳ್ಳುವವರು ಇದ್ದಾರಾ ಎಂಬುದರ ಮೇಲೆ.

ಆ್ಯಪ್ ಸಾಯುವುದು ಹೇಗೆ?

ಅಂಗಡಿಯವರಿಗೆ ಆ್ಯಪ್ ಎಂದರೆ ಒಮ್ಮೆ ಕಟ್ಟಿಸಿದ ಶೆಲ್ಫ್ ಇದ್ದ ಹಾಗೆ, ಇಟ್ಟಲ್ಲಿ ಇರುತ್ತದೆ ಎಂಬ ಅಂದಾಜು. ನಿಜ ಬೇರೆ. ಅದು ಬಾಡಿಗೆ ರೂಮಿನಲ್ಲಿ ಇಟ್ಟ ಸಾಮಾನು. ಮಕ್ಕಳು ಖರ್ಚಿಲ್ಲದೆ ಮಾಡಲು ಫ್ರೀ ಸರ್ವರ್‌ಗಳಲ್ಲಿ ಹಾಕುತ್ತಾರೆ. ಹಾಗೆ ವಿದ್ಯಾರ್ಥಿಗಳು ತುಂಬಾ ಬಳಸುತ್ತಿದ್ದ ಹೆರೋಕು ಎಂಬ ಸೇವೆ 2022ರ ನವೆಂಬರಿನಲ್ಲಿ ಫ್ರೀ ಕೊಡುವುದನ್ನು ನಿಲ್ಲಿಸಿತು. ದುಡ್ಡು ಕಟ್ಟದ ಪ್ರಾಜೆಕ್ಟುಗಳು ಅಲ್ಲಿಗೇ ಬಂದ್.

ಪ್ಲೇ ಸ್ಟೋರ್‌ಗೆ ಹಾಕಬೇಕಾದರೆ ಒಮ್ಮೆ 25 ಡಾಲರ್ ಕಟ್ಟಬೇಕು. ಕಾಲಕಾಲಕ್ಕೆ ಹೊಸ ಆಂಡ್ರಾಯ್ಡ್‌ಗೆ ಸರಿಯಾಗಿ ಅಪ್‌ಡೇಟ್ ಮಾಡದಿದ್ದರೆ ಹೊಸ ಫೋನಿನವರಿಗೆ ಆ್ಯಪ್ ಸ್ಟೋರ್‌ನಲ್ಲಿ ಸಿಗುವುದೇ ಇಲ್ಲ. ಗಿರಾಕಿಗೆ ಅಂಗಡಿಯ ಹೆಸರಿನಲ್ಲಿ ಎಸ್‌ಎಂಎಸ್ ಹೋಗಬೇಕೆಂದರೆ ಟ್ರಾಯ್ ನಿಯಮದ ಪ್ರಕಾರ ಡಿಎಲ್‌ಟಿ ನೋಂದಣಿ ಬೇಕು, ಇಲ್ಲದಿದ್ದರೆ ಮೆಸೇಜ್ ದಾರಿಯಲ್ಲೇ ನಿಲ್ಲುತ್ತದೆ. ಇವು ಯಾವುದೂ ವೈವಾದಲ್ಲಿ ಕೇಳುವ ಪ್ರಶ್ನೆಗಳಲ್ಲ. ಆದರೆ ಎರಡನೇ ವರ್ಷ ಅಂಗಡಿಯಲ್ಲಿ ಏಳುವ ಪ್ರಶ್ನೆಗಳು ಇವೇ.

ಕಾಲೇಜಿನ ಕ್ಯಾಲೆಂಡರ್, ಊರಿನ ಮಳೆ

ಇನ್ನೊಂದು ತೊಡಕು ಯಾರ ಗಮನಕ್ಕೂ ಬರುವುದಿಲ್ಲ. ಅದು ಕಾಲ. ಅಡಿಕೆಗೆ ಬೋರ್ಡೋ ದ್ರಾವಣ ಬಿಡುವುದು ಮಳೆ ಹಿಡಿಯುವ ಹೊತ್ತಿಗೆ. ಕೊಳೆರೋಗ ಬರುವುದು ಜೂನ್‌ನಿಂದ ಮುಂದೆ. ಕೊನೆ ಸೆಮಿಸ್ಟರಿನ ಮಕ್ಕಳು ಆ ಹೊತ್ತಿಗೆ ವೈವಾ ಮುಗಿಸಿ ಊರು ಬಿಟ್ಟಿರುತ್ತಾರೆ. ಹಾಗಾಗಿ ಸ್ಪ್ರೇ ಮಾಡುವ ಯಂತ್ರವನ್ನು ನಿಜವಾಗಿ ಪರೀಕ್ಷೆ ಮಾಡಬೇಕಾದ ದಿನಗಳಲ್ಲಿ ಅದನ್ನು ಮಾಡಿದವರೇ ಇರುವುದಿಲ್ಲ. ಫೆಬ್ರವರಿಯ ಬಿಸಿಲಿನಲ್ಲಿ ಚೆನ್ನಾಗಿ ಓಡಿದ ಸೆನ್ಸರ್, ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಊರಿನಲ್ಲಿ ಜುಲೈಗೆ ತೇವ ಹಿಡಿದು ಕೈ ಕೊಡುತ್ತದೆ.

ಅದೇ ಚಾಲಿ ಅಡಿಕೆ ಒಣಗಿಸುವ ಕೆಲಸ ಹಾಗಲ್ಲ. ಅಂಗಳದಲ್ಲಿ ಸುಮಾರು 40 ದಿನ ಬಿಸಿಲು ಬೇಕಾಗುವ ಈ ಕೆಲಸ ನಡೆಯುವುದು ಕೊಯ್ಲಿನ ತಿಂಗಳುಗಳಲ್ಲಿ, ಮಕ್ಕಳು ಕಾಲೇಜಿನಲ್ಲಿ ಇರುವಾಗಲೇ. ಒಣಗಿದ ಅಡಿಕೆಯನ್ನು ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ಬೇರೆ ಮಾಡುವುದೂ ಹಾಗೆಯೇ. ಕ್ಯಾಮರಾ ಹಾಕಿ ಅಡಿಕೆ ವಿಂಗಡಿಸುವ ಪ್ರಾಜೆಕ್ಟ್ ಮಾಡಬೇಕಾದರೆ ಸಾವಿರಾರು ಅಡಿಕೆಯ ಫೋಟೋ ಬೇಕು, ಪ್ರತಿಯೊಂದಕ್ಕೂ 'ಇದು ಇಂಥದ್ದು' ಎಂದು ಹೇಳುವ ಪಳಗಿದ ಕಣ್ಣು ಬೇಕು. ಆ ಕಣ್ಣು ಇರುವುದು ಮಂಡಿಯ ಕೆಲಸದವರಲ್ಲಿ, ಲ್ಯಾಬ್‌ನಲ್ಲಿ ಅಲ್ಲ. ಯಂತ್ರ 100ರಲ್ಲಿ 95 ಸರಿ ಹೇಳಿತು ಎಂದರೆ ಕಾಲೇಜಿನಲ್ಲಿ ಒಳ್ಳೆ ಮಾರ್ಕು. ಆದರೆ ಉಳಿದ 5 ಅಡಿಕೆ ಒಳ್ಳೆ ಮಾಲಿಗೆ ಸೇರಿದರೆ ಹೆಸರು ಕೆಡುವುದು ವ್ಯಾಪಾರಿಯದ್ದು. ಈ ಲೆಕ್ಕವನ್ನು ಮಕ್ಕಳಿಗೆ ಹೇಳಿಕೊಡಬೇಕಾದವರು ವ್ಯಾಪಾರಿಗಳೇ.

ಲೆಕ್ಕ ಕೊಟ್ಟರೆ ಎಲ್ಲಿಗೆ ಹೋಗ್ತದೆ?

ಪೇಟೆಯವರು ಬಾಯಿಬಿಟ್ಟು ಹೇಳದ ಹೆದರಿಕೆ ಒಂದುಂಟು. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ, ಬೆಂಗಳೂರಿನ ಅಂಗಡಿಗಳಲ್ಲಿ 'ಕ್ಯಾಶ್ ಮಾತ್ರ' ಎಂಬ ಬೋರ್ಡ್‌ಗಳು ಎದ್ದವು. ಸರಕಿನ ವ್ಯಾಪಾರಕ್ಕೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ ಎಂಬ ಜಿಎಸ್‌ಟಿ ನೋಂದಣಿ ಮಿತಿ ಆಗ ಮನೆಮಾತಾಯಿತು. ಅದಾದ ಮೇಲೆ ಹುಡುಗರು ಬಂದು "ಒಂದು ವರ್ಷದ ಸೇಲ್ಸ್ ಡೇಟಾ ಕೊಡಿ" ಎಂದರೆ ಕೊಡಲು ಕೈ ಹಿಂಜರಿಯುವುದು ಸಹಜ.

ಇದಕ್ಕೆ ಪರಿಹಾರ ಕಷ್ಟವಿಲ್ಲ. ಸ್ಟಾಕ್ ಲೆಕ್ಕದ ಪ್ರಾಜೆಕ್ಟಿಗೆ ಮಾಲಿನ ಹೆಸರು, ಬಂದದ್ದು, ಹೋದದ್ದು ಸಾಕು. ಗಿರಾಕಿಯ ಹೆಸರು, ಫೋನ್ ನಂಬರ್, ಸಾಲದ ಮೊತ್ತ ಬೇಕಾಗಿಲ್ಲ. ಗಿರಾಕಿಗಳ ನಂಬರ್ ಮಕ್ಕಳ ಸ್ವಂತ ಲ್ಯಾಪ್‌ಟಾಪ್ ಸೇರಿದರೆ ಮುಂದೆ ಅದು ಯಾರ ಕೈಗೆ ಹೋಗುತ್ತದೋ ಹೇಳಲಾಗದು. ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರಲ್ಲೇ ಕೇಂದ್ರದ ಕಾನೂನು ಬಂದಿದೆ. ನಂಬಿ ನಂಬರ್ ಕೊಟ್ಟ ಗಿರಾಕಿಗೆ ಉತ್ತರ ಹೇಳಬೇಕಾದವರು ಅಂಗಡಿಯವರು, ವಿದ್ಯಾರ್ಥಿಯಲ್ಲ.

ಮಾಡಿದ್ದು ಯಾರದ್ದು?

"ಐಡಿಯಾ ನಂದು, ಖರ್ಚಿಗೂ ಕೊಟ್ಟಿದ್ದೇನೆ, ಹಾಗಾದರೆ ಸಾಫ್ಟ್‌ವೇರ್ ನಂದೇ ಅಲ್ವಾ?" ಎಂಬುದು ಸಾಮಾನ್ಯ ತಿಳಿವಳಿಕೆ. ಕಾನೂನು ಹಾಗೆ ಹೇಳುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕೋಡ್ ಬರೆದವರೇ ಸಾಮಾನ್ಯವಾಗಿ ಅದರ ಮೊದಲ ಒಡೆಯರು. ಸಂಬಳಕ್ಕಿರುವ ನೌಕರನ ವಿಷಯ ಬೇರೆ, ವಿದ್ಯಾರ್ಥಿ ನೌಕರನಲ್ಲ. ಹಕ್ಕು ಅಂಗಡಿಗೆ ಬರಬೇಕಾದರೆ ಸಹಿ ಹಾಕಿದ ಕಾಗದ ಬೇಕು. ಆ ಕಾಗದದಲ್ಲಿ ಎಷ್ಟು ವರ್ಷ ಎಂದು ಬರೆಯದಿದ್ದರೆ ಐದೇ ವರ್ಷ ಎಂದು ಲೆಕ್ಕ. ಹೆಚ್ಚಿನ ಸಣ್ಣ ವ್ಯಾಪಾರಿಗಳಿಗೆ ಒಡೆತನ ಬೇಕಾಗಿಯೂ ಇಲ್ಲ, 'ನಾನು ಬಳಸಬಹುದು, ಬೇರೆಯವರಿಂದ ರಿಪೇರಿ ಮಾಡಿಸಬಹುದು' ಎಂಬ ಒಂದು ಸಾಲಿದ್ದರೆ ಸಾಕು.

ಯಂತ್ರದ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಲೇತ್ ಅಂಗಡಿಯವರೂ ಮಕ್ಕಳೂ ಸೇರಿ ಹೊಸದೇನಾದರೂ ಮಾಡಿದರೆ, ಪೇಟೆಂಟ್ ಅರ್ಜಿ ಹಾಕುವ ಮೊದಲು ಮೇಳದಲ್ಲಿ ತೋರಿಸಿ ಯೂಟ್ಯೂಬ್‌ಗೆ ಹಾಕಿದರೆ ಹಕ್ಕು ಕೈತಪ್ಪಬಹುದು. ಶಿಕ್ಷಣ ಸಂಸ್ಥೆಗಳಿಗೆ 2021ರಿಂದ ಪೇಟೆಂಟ್ ಶುಲ್ಕದಲ್ಲಿ ಶೇ. 80 ರಿಯಾಯಿತಿ ಉಂಟು, ಕಾಲೇಜಿನ ಮೂಲಕ ಹೋದರೆ ಹೊರೆ ಕಡಿಮೆ.

ಕೆಲವು ಪ್ರಾಜೆಕ್ಟುಗಳನ್ನು ಮೊದಲೇ ಬೇಡ ಎನ್ನುವುದು ಒಳ್ಳೆಯದು. ಮಕ್ಕಳು ಮಾಡಿಕೊಟ್ಟ ಎಲೆಕ್ಟ್ರಾನಿಕ್ ತಕ್ಕಡಿ ಎಷ್ಟೇ ಸರಿಯಾಗಿ ತೂಗಿದರೂ ಕಾನೂನು ಮಾಪನಶಾಸ್ತ್ರ ಇಲಾಖೆಯ ಪರಿಶೀಲನೆ, ಮುದ್ರೆ ಇಲ್ಲದೆ ವ್ಯಾಪಾರಕ್ಕೆ ಬಳಸುವ ಹಾಗಿಲ್ಲ. ಗೋಡೌನಿನ ಒಳಗಿನ ಅಂದಾಜಿಗೆ ಮಾತ್ರ ಸರಿ.

ಒಂದು ಪುಟದ ಕಾಗದ ಸಾಕು

ವಕೀಲರ ಹತ್ತಿರ ಓಡಬೇಕಾಗಿಲ್ಲ. ಮಕ್ಕಳು, ಅವರ ಗೈಡ್, ಅಂಗಡಿಯವರು ಮೂವರೂ ಸಹಿ ಹಾಕುವ ಒಂದು ಪುಟ ಸಾಕು. ಅದರಲ್ಲಿ ಇರಬೇಕಾದದ್ದು:

- ಸಮಸ್ಯೆ ಏನು, ಎಂತ ಆದರೆ 'ಕೆಲಸ ಆಯಿತು' ಎಂದು ಲೆಕ್ಕ.
- ಸಾಮಾನು, ಸರ್ವರ್, ನೋಂದಣಿಗೆ ಖರ್ಚು ಯಾರದ್ದು, ಎರಡನೇ ವರ್ಷದಿಂದ ಯಾರದ್ದು.
- ಯಾವ ಮಾಹಿತಿ ಕೊಡಲಾಗುತ್ತದೆ, ಪ್ರಾಜೆಕ್ಟ್ ಮುಗಿದ ಮೇಲೆ ಅಳಿಸುವುದು ಯಾವಾಗ.
- ಅಕೌಂಟ್, ಪಾಸ್‌ವರ್ಡ್, ಕೋಡ್ ಅಂಗಡಿಯ ಇಮೇಲ್‌ಗೆ ವರ್ಗ ಮಾಡುವ ದಿನ. ಇದು ವೈವಾದ ಮೊದಲೇ ಆಗಬೇಕು.
- ಮಕ್ಕಳು ಹೋದ ಮೇಲೆ ಸಂಪರ್ಕಿಸಬೇಕಾದ ಕಾಲೇಜಿನ ಒಬ್ಬರ ಹೆಸರು.

ಕಾಲೇಜುಗಳು ಮಾಡಬೇಕಾದ ಕೆಲಸವೂ ಉಂಟು. ಪ್ರತಿ ವರ್ಷ ಹೊಸ ತಂಡ ಹೊಸ ಹೆಸರಿನಲ್ಲಿ ಅದೇ ಪ್ರಾಜೆಕ್ಟ್ ಮೊದಲಿಂದ ಶುರು ಮಾಡುವ ಬದಲು, ಸೀನಿಯರ್ ಮಾಡಿದ್ದನ್ನು ಜೂನಿಯರ್ ಮುಂದುವರಿಸುವ ಹಾಗಾದರೆ ಮಳೆಗಾಲದ ಪರೀಕ್ಷೆಗೂ ಜನ ಸಿಗುತ್ತಾರೆ. ಹಳೆ ಪ್ರಾಜೆಕ್ಟ್ ಸರಿಮಾಡಿ ಓಡಿಸಿದ್ದಕ್ಕೂ ಹೊಸದಕ್ಕೆ ಕೊಡುವಷ್ಟೇ ಮಾರ್ಕು ಕೊಡಬೇಕು. ಹಾಗಿಲ್ಲದಿದ್ದರೆ ದುಡ್ಡು ಕೊಟ್ಟು ರೆಡಿಮೇಡ್ ಪ್ರಾಜೆಕ್ಟ್ ತರುವ ಚಾಳಿಯೂ ನಿಲ್ಲುವುದಿಲ್ಲ.

ಒಬ್ಬೊಬ್ಬ ಅಂಗಡಿಯವರು ಬೇರೆ ಬೇರೆಯಾಗಿ ಮಕ್ಕಳನ್ನು ಕರೆದರೆ ಹತ್ತು ಅಂಗಡಿಗೆ ಹತ್ತು ಅರೆಬರೆ ಆ್ಯಪ್ ಆಗುತ್ತದೆ. ತಾಲೂಕಿನ ವರ್ತಕರ ಸಂಘ ಅಥವಾ ಸಹಕಾರಿ ಸಂಘ ಜುಲೈ-ಆಗಸ್ಟ್‌ನಲ್ಲೇ ತನ್ನ ಸದಸ್ಯರ ಐದು ಸಮಸ್ಯೆಗಳ ಪಟ್ಟಿ ಮಾಡಿ ಕಾಲೇಜಿಗೆ ಕೊಟ್ಟರೆ, ಸರ್ವರ್ ಖರ್ಚು ಹಂಚಿ ಹೋಗುತ್ತದೆ, ನೋಡಿಕೊಳ್ಳಲು ಒಬ್ಬರನ್ನು ಇಡಲೂ ಆಗುತ್ತದೆ. ಅಂಥ ಕೆಲಸಕ್ಕೆ ಇಲ್ಲಿಯೇ ಕಲಿತ ಹುಡುಗನೋ ಹುಡುಗಿಯೋ ಸಿಕ್ಕಿದರೆ, ಬೆಂಗಳೂರಿಗೆ ಹೋಗುವ ಬಸ್ಸಿನಲ್ಲಿ ಒಂದು ಸೀಟು ಕಡಿಮೆ ಸಾಕು. ಮಕ್ಕಳು ಮುಂದಿನ ಸಲ ಬಾಗಿಲಿಗೆ ಬಂದು "ಪ್ರಾಬ್ಲೆಮ್ ಉಂಟಾ ಸರ್?" ಎಂದು ಕೇಳಿದಾಗ, ಚಾ ಕೊಡುವುದರ ಜೊತೆಗೆ ತಿರುಗಿ ಒಂದು ಪ್ರಶ್ನೆ ಕೇಳಬಹುದು: "ವೈವಾ ಆದ ಮೇಲೆ ಇದನ್ನು ನೋಡಿಕೊಳ್ಳುವುದು ಯಾರು?"