ಪ್ಲಾಸ್ಟಿಕ್ಕಿನ ಮೇಲೇಕೆ ಗೂಬೆ?

ರೈಫಲ್ಲಿಗೆ ಉಕ್ಕಿನ ಮ್ಯಾಗಜೀನೇ ಗಟ್ಟಿ, ಪ್ಲಾಸ್ಟಿಕ್ಕನ್ನು ನಂಬಿ ಕೆಡಬೇಡಿ, ಕಾರ್ಗಿಲ್ ಕಲಿಸಿದ ಪಾಠ ಇದೇ ಎಂದು ಕಳೆದ ಸಂಚಿಕೆಯ ಲೇಖಕರು ತೀರ್ಪು ಕೊಟ್ಟುಬಿಟ್ಟಿದ್ದಾರೆ. ಇದು ಅರ್ಧ ಸತ್ಯ. 1999ರ ಕಾರ್ಗಿಲ್ ಯುದ್ಧದಲ್ಲಿ ನಮ್ಮ ಸೇನೆಯ ಇನ್ಸಾಸ್ ರೈಫಲ್ಲಿನ ಪ್ಲಾಸ್ಟಿಕ್ ಮ್ಯಾಗಜೀನುಗಳು ಚಳಿಗೆ ಬಿರುಕು ಬಿಟ್ಟ ದೂರುಗಳು ಬಂದದ್ದು ನಿಜ. ಆದರೆ ಸೋವಿಯತ್ ಸೇನೆಯ ಎಕೆ-74ರ ಕಿತ್ತಳೆಗೆಂಪು ಮ್ಯಾಗಜೀನೂ ಪ್ಲಾಸ್ಟಿಕ್ಕಿನದೇ, ಗಾಜಿನೆಳೆ ಬೆರೆಸಿದ್ದು. ರಷ್ಯಾದ ಚಳಿಗಿಂತ ದೊಡ್ಡ ಪರೀಕ್ಷೆ ಬೇಕೆ? ಅಮೆರಿಕದ ಮರೀನ್ ಪಡೆಯೂ 2016ರಲ್ಲಿ ಪಿಮ್ಯಾಗ್ ಎಂಬ ಪಾಲಿಮರ್ ಮ್ಯಾಗಜೀನಿಗೆ ಒಪ್ಪಿಗೆ ಕೊಟ್ಟಿತು. ಎಂಥ ಪ್ಲಾಸ್ಟಿಕ್, ಹೇಗೆ ಪರೀಕ್ಷಿಸಿದರು ಎಂದು ಕೇಳಬೇಕಾದಲ್ಲಿ ಲೇಖಕರು ಇಡೀ ಜಾತಿಯನ್ನೇ ಬೈದಿದ್ದಾರೆ.

ಲೋಹವೇನೂ ಸಾಚಾ ಅಲ್ಲ. ಎಆರ್-15 ಮಾದರಿಯ ಅರೆಸ್ವಯಂಚಾಲಿತ ರೈಫಲ್ಲಿನ ಅಲ್ಯೂಮಿನಿಯಂ ಮ್ಯಾಗಜೀನನ್ನೇ ನೋಡಿ. ಬಾಯಿಯ ಎರಡು ತುಟಿಗಳು ಮೇಲಿನ ಗುಂಡನ್ನು ಹಿಡಿದಿರುತ್ತವೆ. ಸಿಮೆಂಟ್ ನೆಲಕ್ಕೆ ಬಿದ್ದು ಅವು ಚೂರು ಅಗಲವಾದರೂ ಸಾಕು, ಗುಂಡು ಮೂತಿ ಎತ್ತುತ್ತದೆ, ಇಲ್ಲವೇ ಎರಡು ಒಟ್ಟಿಗೆ ನುಗ್ಗಿ ಸಿಕ್ಕಿಕೊಳ್ಳುತ್ತವೆ. ಗುಂಡುಗಳನ್ನು ಮೇಲಕ್ಕೆ ತಳ್ಳುವ ಫಾಲೋಯರ್ ಓರೆಯಾದರೂ ಅದೇ ಗತಿ. ಅಮೆರಿಕದ ಸೇನೆ 2009ರಲ್ಲಿ ಅಷ್ಟು ಸುಲಭಕ್ಕೆ ವಾಲದ ಹೊಸ ಫಾಲೋಯರ್ ತಂದದ್ದು ಇದಕ್ಕೇ.

ಗುಂಡು ತುಂಬಿಟ್ಟರೆ ಸ್ಪ್ರಿಂಗ್ ಸಾಯುತ್ತದೆ ಎಂಬ ಮಾತೂ ಹಳಸಲು. ಒಳ್ಳೆಯ ಸ್ಪ್ರಿಂಗ್ ಸವೆಯುವುದು ಸುಮ್ಮನೆ ಅದುಮಿಕೊಂಡಿರುವುದಕ್ಕಿಂತ ಹೆಚ್ಚಾಗಿ ಮತ್ತೆ ಮತ್ತೆ ಕುಗ್ಗಿ ಹಿಗ್ಗುವುದರಿಂದ.

ಕೊಳ್ಳುವವರು ಪ್ರತಿ ಮ್ಯಾಗಜೀನಿಗೂ ನಂಬರ್ ಬರೆದು, ರೇಂಜಿನಲ್ಲಿ ತಮ್ಮದೇ ರೈಫಲ್ಲಿಗೆ ಹಾಕಿ ಹಾರಿಸಿ ನೋಡಲಿ. ಪದೇ ಪದೇ ಕೈಕೊಟ್ಟದ್ದು ಉಕ್ಕಿನದಾದರೂ ಗುಜರಿಗೆ ಹೋಗಲಿ.