ಕರಿಯುವ ಎಣ್ಣೆಯೂ ಮನೆಯಲ್ಲಿ ನಿಲ್ಲುವ ಕಮಟೂ

ದೀಪಾವಳಿಯ ದಿನಗಳಲ್ಲಿ ಹಳ್ಳಿಯ ಮನೆಮನೆಗಳಲ್ಲಿಯೂ ಬಾಣಲೆಯು ಒಲೆಯನ್ನೇರುವುದು ವಾಡಿಕೆ. ಕಜ್ಜಾಯ, ಚಕ್ಕುಲಿ, ವಡೆ, ಹಪ್ಪಳಗಳನ್ನು ಕರಿಯುವಾಗ ಹೊರಡುವ ಪರಿಮಳವು ಯಾರಿಗೂ ಅಹಿತವಲ್ಲ. ಆದರೆ ಹಬ್ಬವು ಕಳೆದು ಮೂರು ದಿನಗಳಾದರೂ ತೊಲೆಗಳಲ್ಲಿಯೂ ಬಟ್ಟೆಬರೆಗಳಲ್ಲಿಯೂ ಹಾಸಿಗೆಗಳಲ್ಲಿಯೂ ಒಂದು ಬಗೆಯ ಕಮಟು ವಾಸನೆಯು ನಿಂತಿರುವುದನ್ನು ಎಲ್ಲರೂ ಬಲ್ಲರು. ಇದನ್ನು ಅಡಿಗೆಯವರ ಅಜಾಗ್ರತೆಯೆಂದು ಹೇಳಿ ಯಜಮಾನರು ಸುಮ್ಮನಾಗುವುದುಂಟು. ವಿಚಾರಮಾಡಿ ನೋಡಿದರೆ ಈ ಕಮಟಿನ ಮೂಲವು ಒಲೆಯ ಬಳಿಯಲ್ಲಿರುವುದಕ್ಕಿಂತಲೂ ಹೆಚ್ಚಾಗಿ ಕಣದಲ್ಲಿಯೂ ಉಗ್ರಾಣದಲ್ಲಿಯೂ ಇರುವುದಾಗಿ ತೋರಿಬರುತ್ತದೆ. ಆದುದರಿಂದ ಇದು ಹೆಂಗಸರ ವಿಷಯವೆಂದು ಜಮೀನುದಾರರು ಕೈಬಿಡತಕ್ಕದ್ದಲ್ಲ.

ಕಡಲೆಕಾಯಿ ಬೆಳೆಯುವ ಸೀಮೆಗಳಲ್ಲಿ ಒಂದು ಹಳೆಯ ರೂಢಿಯಿದೆ. ದಪ್ಪವಾಗಿ ಬಲಿತ ಕಾಯಿಗಳೆಲ್ಲವೂ ಮಂಡಿಗೆ ಹೋಗುತ್ತವೆ. ಮುರುಕು, ಜೊಳ್ಳು, ಮಳೆಗೆ ಸಿಕ್ಕಿ ಮುಗ್ಗಲು ಹಿಡಿದ ಕಾಯಿಗಳು ಮನೆಯ ಖರ್ಚಿನ ಎಣ್ಣೆಗೆಂದು ಗಾಣಕ್ಕೆ ಹೋಗುತ್ತವೆ. ಒಳ್ಳೆಯದನ್ನು ಮಾರಿ ಕೆಟ್ಟದ್ದನ್ನು ಉಣ್ಣುವ ಈ ಪದ್ಧತಿಯು ಮಿತವ್ಯಯವೆಂದು ಕಂಡರೂ ನಿಜವಾಗಿ ನಷ್ಟದ ಮಾರ್ಗವು. ಒಡೆದ ಬೀಜದಲ್ಲಿಯೂ ತೇವವುಳ್ಳ ಬೀಜದಲ್ಲಿಯೂ ಎಣ್ಣೆಯು ಒಳಗಿಂದೊಳಗೇ ಒಡೆದು ಹುಳಿಯಾಗುತ್ತದೆ. ಅಂತಹ ಎಣ್ಣೆಯು ಬಾಣಲೆಯಲ್ಲಿ ಬೇಗನೆ ಹೊಗೆಯುತ್ತದೆ, ನೊರೆಯುತ್ತದೆ, ಘಾಟು ಬೀರುತ್ತದೆ. ಹೊಗೆಯೆದ್ದ ಎಣ್ಣೆಯಿಂದ ಹುಟ್ಟುವ ಆಕ್ರೋಲೀನ್ ಎಂಬ ಅನಿಲವೇ ಕಣ್ಣುರಿಗೂ ಗಂಟಲು ಕೆರೆತಕ್ಕೂ ಕಾರಣವು.

ವಾಸನೆಯೊಂದೇ ಆಗಿದ್ದರೆ ಸಹಿಸಬಹುದಾಗಿತ್ತು. ಆದರೆ ಬೂಷ್ಟು ಹಿಡಿದ ಕಡಲೆಕಾಯಿಯಲ್ಲಿ ಅದಕ್ಕಿಂತ ದೊಡ್ಡ ಕೇಡು ಅಡಗಿದೆ. ೧೯೬೦ನೆಯ ಇಸವಿಯಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಅಕಸ್ಮಾತ್ತಾಗಿ ಸತ್ತುವು. ಶೋಧಿಸಿದಾಗ ಅವುಗಳಿಗೆ ಹಾಕಿದ್ದ ಕಡಲೆಕಾಯಿ ಹಿಂಡಿಯಲ್ಲಿ ಬೂಷ್ಟಿನಿಂದುಂಟಾದ ವಿಷವಿದ್ದುದು ಗೊತ್ತಾಯಿತು. ಅದಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಾಯಿತು. ಈ ವಿಷವು ಯಕೃತ್ತನ್ನು ಕೆಡಿಸತಕ್ಕದ್ದು. ಕರಿಯುವ ಶಾಖಕ್ಕೂ ಪೂರ್ಣವಾಗಿ ನಾಶವಾಗತಕ್ಕದ್ದಲ್ಲ. ಗಾಣದಲ್ಲಿ ಇದರ ಹೆಚ್ಚಿನ ಪಾಲು ಹಿಂಡಿಯಲ್ಲಿಯೇ ಉಳಿದರೂ ಸ್ವಲ್ಪವು ಎಣ್ಣೆಯಲ್ಲಿಯೂ ಬರುತ್ತದೆ. ಆ ಹಿಂಡಿಯನ್ನು ತಿಂದ ಹಸುವಿನ ಹಾಲಿನಲ್ಲಿಯೂ ಅದರ ಅಂಶವು ಇಳಿಯುತ್ತದೆ. ಹೀಗೆ ಕೆಟ್ಟ ಬೀಜವು ಬಾಣಲೆಯ ಮೂಲಕ ದೊಡ್ಡವರನ್ನೂ ಹಾಲಿನ ಮೂಲಕ ಮಕ್ಕಳನ್ನೂ ಮುಟ್ಟುತ್ತದೆ.

ಈ ಕಾರಣದಿಂದಲೇ ಅಂಗಡಿಯ ಶುದ್ಧೀಕರಿಸಿದ ಎಣ್ಣೆಯು ಉತ್ತಮವೆಂದು ಕೆಲವರು ವಾದಿಸುವರು. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಕ್ಷಾರದಿಂದ ಶುದ್ಧಿಮಾಡಿದ ಎಣ್ಣೆಯಲ್ಲಿ ಹುಳಿಯೂ ಆ ವಿಷವೂ ಬಹುಮಟ್ಟಿಗೆ ಹೋಗಿರುತ್ತವೆ. ಅದು ಹೆಚ್ಚಿನ ಶಾಖವನ್ನು ತಡೆಯುತ್ತದೆ. ಶುದ್ಧೀಕರಿಸಿದ ಕಡಲೆಕಾಯಿ ಎಣ್ಣೆಯು ಸುಮಾರು ೨೩೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಹೊಗೆಯುವುದಿಲ್ಲ. ಗಾಣದ ಎಣ್ಣೆಯು ಅದಕ್ಕಿಂತ ಬಹಳ ಮುಂಚೆಯೇ ಹೊಗೆಯಲಾರಂಭಿಸುತ್ತದೆ. ಇದರಿಂದ ಗಾಣದ ಎಣ್ಣೆಯು ಹೀನವೆಂದು ಅರ್ಥವಲ್ಲ. ಗಾಣದ ಎಣ್ಣೆಯನ್ನು ಉಪಯೋಗಿಸುವವರು ಬೀಜದ ವಿಷಯದಲ್ಲಿ ಹೆಚ್ಚು ಎಚ್ಚರವುಳ್ಳವರಾಗಿರಬೇಕೆಂಬುದೇ ಇದರ ಅರ್ಥ. ಒಳ್ಳೆಯ ಬೀಜದ ಗಾಣದೆಣ್ಣೆಗೆ ರುಚಿಯಲ್ಲಿ ಸಾಟಿಯಿಲ್ಲ. ಕೆಟ್ಟ ಬೀಜದ ಗಾಣದೆಣ್ಣೆಯಾದರೋ ಅಂಗಡಿಯ ಎಣ್ಣೆಗಿಂತ ಕೀಳು.

ಆದಕಾರಣ ಕಿತ್ತ ಬಳ್ಳಿಯನ್ನು ರಾಶಿ ಹಾಕಿ ಬೆವರಗೊಡದೆ ತೆಳುವಾಗಿ ಹರಡಿ ಕಾಯಿಯನ್ನು ಬೇಗನೆ ಒಣಗಿಸಬೇಕು. ಕಾಯಿಯನ್ನು ಅಲ್ಲಾಡಿಸಿದರೆ ಒಳಗಿನ ಬೀಜವು ಗಲಗಲನೆ ಸದ್ದುಮಾಡುವಂತಿರಬೇಕು. ಮನೆಯ ಎಣ್ಣೆಗೆ ಬೇಕಾದಷ್ಟು ಕಾಯಿಯನ್ನು ಉತ್ತಮವಾದ ರಾಶಿಯಿಂದ ಮೊದಲು ಎತ್ತಿಟ್ಟು ಆ ಮೇಲೆ ಮಾರಾಟದ ಯೋಚನೆ ಮಾಡಬೇಕು. ಗಾಣಕ್ಕೆ ಕೊಡುವ ಮುನ್ನ ಬೀಜವನ್ನು ಮೊರದಲ್ಲಿ ಹರಡಿ, ಬಣ್ಣಗೆಟ್ಟದ್ದನ್ನೂ ಬೂಷ್ಟು ಹಿಡಿದದ್ದನ್ನೂ ಆರಿಸಿ ತೆಗೆಯತಕ್ಕದ್ದು. ತೆಗೆದದ್ದನ್ನು ದನಗಳಿಗೆ ಹಾಕಕೂಡದು, ಮಾರಲೂ ಕೂಡದು; ಮನೆಯಿಂದ ದೂರವಾಗಿ ಸುಟ್ಟುಬಿಡುವುದೇ ಲೇಸು. ನಾಲ್ಕಾರು ಸೇರು ಬೀಜದ ನಷ್ಟಕ್ಕೆ ಹಿಂದೆಗೆಯುವವರು ವೈದ್ಯರಿಗೆ ತೆರುವ ಹಣವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ಎಣ್ಣೆಗಳ ಆಯ್ಕೆಯ ವಿಚಾರ. ಎಲ್ಲ ಎಣ್ಣೆಗಳೂ ಎಲ್ಲ ಕೆಲಸಗಳಿಗೂ ಒಗ್ಗವು. ವಿಜಾಪುರ, ಧಾರವಾಡಗಳ ಕಡೆಯ ಕುಸುಬೆ ಎಣ್ಣೆಯೂ ಮೈಸೂರು ಸೀಮೆಯ ಹುಚ್ಚೆಳ್ಳಿನ ಎಣ್ಣೆಯೂ ಗಾಳಿಗೆ ತೆರೆದಿಟ್ಟರೆ ಕ್ರಮೇಣ ಅಂಟಾಗಿ ಒಣಗುವ ಜಾತಿಯವು. ಈ ಗುಣದಿಂದಲೇ ಇವು ಬಣ್ಣ, ವಾರ್ನಿಷುಗಳ ಕೆಲಸಕ್ಕೂ ಒದಗುತ್ತವೆ. ಇವುಗಳಲ್ಲಿ ಕರಿದಾಗ ಸಿಡಿದ ಹನಿಗಳು ಗೋಡೆಯ ಮೇಲೆಯೂ ಪಾತ್ರೆಯ ಅಂಚಿನಲ್ಲಿಯೂ ಗೋಂದಿನಂತೆ ಹಿಡಿದು ಕಮಟನ್ನು ಬಹುದಿನ ಉಳಿಸುತ್ತವೆ. ಆದುದರಿಂದ ಇವನ್ನು ಒಗ್ಗರಣೆಗೂ ಪಲ್ಯಕ್ಕೂ ಚಟ್ನಿಪುಡಿಯೊಡನೆ ರೊಟ್ಟಿಗೆ ಹಚ್ಚಿಕೊಳ್ಳುವುದಕ್ಕೂ ಇಟ್ಟುಕೊಂಡು, ಕರಿಯುವುದಕ್ಕೆ ಕಡಲೆಕಾಯಿ ಎಣ್ಣೆಯನ್ನು ಉಪಯೋಗಿಸುವುದು ವಿಹಿತ. ಕರಾವಳಿಯವರು ಬಳಸುವ ಕೊಬ್ಬರಿ ಎಣ್ಣೆಯು ಬೇಗ ಕಮಟಾಗತಕ್ಕದ್ದಲ್ಲ. ಆದರೆ ಗಾಣದ ಕೊಬ್ಬರಿ ಎಣ್ಣೆಯನ್ನು ಹದವಾದ ಉರಿಯಲ್ಲಿಯೇ ಕಾಯಿಸಬೇಕು. ಎಳ್ಳೆಣ್ಣೆಯಲ್ಲಿ ಕಮಟನ್ನು ತಡೆಯುವ ಸ್ವಾಭಾವಿಕವಾದ ವಸ್ತುವಿರುವುದರಿಂದ ಅದು ಬಹುಕಾಲ ಕೆಡದೆ ನಿಲ್ಲುತ್ತದೆ.

ಗಾಣದಿಂದ ಬಂದ ಎಣ್ಣೆಯನ್ನು ಅಂದೇ ಬಾಣಲೆಗೆ ಸುರಿಯತಕ್ಕದ್ದಲ್ಲ. ಅದರಲ್ಲಿರುವ ಹಿಂಡಿಯ ಪುಡಿಯೇ ಮೊದಲು ಸೀದು ಕಮರು ವಾಸನೆಯನ್ನು ಎಬ್ಬಿಸುವುದು. ಒಂದು ವಾರ ನೆರಳಿನಲ್ಲಿ ಮುಚ್ಚಿಟ್ಟು, ತಳದ ಗಷ್ಟು ಕದಡದಂತೆ ಮೇಲಿನ ತಿಳಿಯನ್ನು ಬಸಿದುಕೊಳ್ಳಬೇಕು. ಕಲಾಯಿಯಿಲ್ಲದ ತಾಮ್ರ, ಹಿತ್ತಾಳೆಗಳು ಎಣ್ಣೆಯನ್ನು ಬೇಗ ಕೆಡಿಸುವುದರಿಂದ ಪಿಂಗಾಣಿ ಜಾಡಿಯಲ್ಲಾಗಲಿ ತುಕ್ಕುಹಿಡಿಯದ ಉಕ್ಕಿನ ಪಾತ್ರೆಯಲ್ಲಾಗಲಿ ಬೆಳಕು ಬೀಳದ ಕಡೆ ಇಡತಕ್ಕದ್ದು. ಹಳೆಯ ಎಣ್ಣೆಯಿದ್ದ ಪಾತ್ರೆಯನ್ನು ತೊಳೆದು ಒಣಗಿಸದೆ ಹೊಸದನ್ನು ತುಂಬಕೂಡದು.

ಕರಿಯುವಾಗ ಹಿಟ್ಟಿನ ಚೂರೊಂದನ್ನು ಎಣ್ಣೆಗೆ ಬಿಟ್ಟು ನೋಡಬೇಕು. ಅದು ತಳಕ್ಕಿಳಿದು ಗುಳ್ಳೆಗಳೊಡನೆ ಮೇಲೆದ್ದರೆ ಹದವು ಬಂದಿತೆಂದು ತಿಳಿಯಬಹುದು. ಬಿದ್ದೊಡನೆ ಕಪ್ಪಾದರೆ ಉರಿಯನ್ನು ತಗ್ಗಿಸಬೇಕು. ಸುಮಾರು ೧೭೦ರಿಂದ ೧೮೦ ಡಿಗ್ರಿಯ ಶಾಖವು ಕರಿಯುವುದಕ್ಕೆ ಸಾಕು. ಉದುರಿದ ಚೂರುಗಳನ್ನು ತೂತಿನ ಸೌಟಿನಿಂದ ಆಗಾಗ್ಗೆ ತೆಗೆದುಹಾಕಬೇಕು. ಒಲೆಯ ಮೇಲ್ಗಡೆ ಹೊಗೆಗಂಡಿಯಿರಬೇಕು. ಕಿಟಕಿಯನ್ನು ಕರಿದ ಮೇಲಲ್ಲ, ಕರಿಯಲಾರಂಭಿಸುವ ಮೊದಲೇ ತೆರೆಯಬೇಕು. ಹೊದಿಕೆ, ಬಟ್ಟೆಗಳಿರುವ ಕೋಣೆಯ ಬಾಗಿಲನ್ನು ಮುಚ್ಚಬೇಕು. ಗೋಡೆಯ ಜಿಡ್ಡನ್ನು ಅಂದಿನ ದಿನವೇ ಬಿಸಿನೀರು, ಸೀಗೆಪುಡಿಗಳಿಂದ ಒರೆಸಿದರೆ ಕಮಟು ನಿಲ್ಲುವುದಿಲ್ಲ. ಧೂಪವನ್ನು ಹಾಕುವುದರಿಂದ ವಾಸನೆಯು ಮರೆಯಾಗುವುದೇ ಹೊರತು ಹೋಗುವುದಿಲ್ಲ.

ಹೊಗೆಗಂಡಿಯ ಮಾತನ್ನು ಅಲ್ಪವೆಂದು ಎಣಿಸಬಾರದು. ಹೆಚ್ಚಿನ ಶಾಖದಲ್ಲಿ ಕರಿಯುವಾಗ ಏಳುವ ಹೊಗೆಯು ಪ್ರಾಯಶಃ ಕ್ಯಾನ್ಸರಿಗೆ ಕಾರಣವಾಗತಕ್ಕದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿಯು ೨೦೧೦ರಲ್ಲಿ ಪ್ರಕಟಿಸಿತು. ದನದ ಕೊಟ್ಟಿಗೆಗೆ ಗಾಳಿ ಬೆಳಕುಗಳನ್ನು ಏರ್ಪಡಿಸುವ ಯಜಮಾನನು ತನ್ನ ಮನೆಯ ಹೆಂಗಸರು ದಿನವೂ ನಿಲ್ಲುವ ಸ್ಥಳಕ್ಕೆ ಒಂದು ಗಂಡಿಯನ್ನು ತೆಗೆಸದಿರುವುದು ನ್ಯಾಯವಲ್ಲ.

ಕಡೆಯದಾಗಿ, ಉಳಿದ ಎಣ್ಣೆಯ ಮಾತು. ಒಮ್ಮೆ ಕರಿದದ್ದನ್ನು ಸೋಸಿಟ್ಟು ಕೆಲವು ದಿನಗಳೊಳಗೆ ಒಗ್ಗರಣೆಗೆ ಮುಗಿಸಬೇಕು. ಹಳೆಯದರ ಮೇಲೆ ಹೊಸದನ್ನು ಹೊಯ್ಯುತ್ತ ಹೋದರೆ ಹೊಸದೂ ಕೆಡುವುದು. ಎಣ್ಣೆಯಲ್ಲಿ ಕೆಟ್ಟ ಅಂಶವು ನೂರಕ್ಕೆ ೨೫ರಷ್ಟನ್ನು ಮೀರಿದರೆ ಅದನ್ನು ಆಹಾರಕ್ಕೆ ಉಪಯೋಗಿಸಕೂಡದೆಂಬ ನಿಯಮವು ೨೦೧೮ನೆಯ ಜುಲೈ ೧ರಿಂದ ಭಾರತದಲ್ಲಿ ಜಾರಿಯಲ್ಲಿದೆ. ಮನೆಯಲ್ಲಿ ಅಳತೆಯ ಸಾಧನವಿಲ್ಲದಿದ್ದರೂ ಕಪ್ಪಾಗುವುದು, ಮಂದವಾಗುವುದು, ನೊರೆಯುವುದು, ಬೇಗ ಹೊಗೆಯುವುದು ಎಂಬ ಗುರುತುಗಳು ಸಾಕು. ಅಂತಹದನ್ನು ನೇಗಿಲು, ಗುದ್ದಲಿಗಳಿಗೆ ತುಕ್ಕು ಹಿಡಿಯದಂತೆ ಸವರಬಹುದು. ಮದುವೆ, ಜಾತ್ರೆಗಳ ಅಡಿಗೆಯಲ್ಲಿ ಉಳಿದ ಕಪ್ಪೆಣ್ಣೆಯನ್ನು ಬಡವರಿಗೆ ಹಂಚುವುದು ದಾನವಲ್ಲ. ಗ್ರಾಮದ ಮುಖಂಡರು ಇದನ್ನು ತಡೆಯತಕ್ಕದ್ದು.

ಎಣ್ಣೆಬೀಜವನ್ನು ಬೆಳೆದವನ ಮನೆಯಲ್ಲಿಯೇ ಕೆಟ್ಟ ಎಣ್ಣೆಯಿರುವುದು ಅವನ ಬೇಸಾಯಕ್ಕೆ ಕೀರ್ತಿಯಲ್ಲ. ಈ ಸುಗ್ಗಿಯಲ್ಲಿ ಊರಿನ ನಾಲ್ವರು ದೊಡ್ಡ ರೈತರು ಮೊದಲ ರಾಶಿಯನ್ನು ಮನೆಗೆಂದು ಎತ್ತಿಟ್ಟರೆ ಉಳಿದವರು ತಾವಾಗಿಯೇ ಅವರನ್ನು ಅನುಸರಿಸುವರು.